ಸಹಾಯ ಬೇಕು: ಹೊಟ್ಟೆನೀರಿನ ಸೆಲ್ ಬ್ಲಾಕ್‌ನಲ್ಲಿ ಇ-ಕ್ಯಾಡ್ಹೆರಿನ್ ಸರಿಯಾಗಿ ಬರುತ್ತಿಲ್ಲ

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇಮ್ಯುನೊಹಿಸ್ಟೊಕೆಮಿಸ್ಟ್ರಿ (ಆಂಟಿಬಾಡಿ ಬಳಸಿ ಪ್ರೋಟೀನಿಗೆ ಬಣ್ಣ ಹಾಕುವ ಪರೀಕ್ಷೆ) ಮಾಡುವವರು ದಯವಿಟ್ಟು ನೋಡಿ.

ಸೆಲ್ ಬ್ಲಾಕ್ ಎಂದರೆ ಹೊಟ್ಟೆನೀರಿನ ಕೋಶಗಳನ್ನು ಒಟ್ಟುಗೂಡಿಸಿ ಮೇಣದಲ್ಲಿ ಕೂರಿಸಿದ ತುಂಡು; ಇ-ಕ್ಯಾಡ್ಹೆರಿನ್ ಎಂದರೆ ಕೋಶಗಳನ್ನು ಒಂದಕ್ಕೊಂದು ಬೆಸೆಯುವ ಪ್ರೋಟೀನ್. ಅಂಡಾಶಯ ಕ್ಯಾನ್ಸರ್ ಕೋಶಗಳ ಪೊರೆಯ ಮೇಲೆ ಗೆರೆಯಂತೆ ಕಾಣಬೇಕಾದ ಇದರ ಬಣ್ಣ ಸೈಟೊಪ್ಲಾಸಂನಲ್ಲಿ ಮಸುಕಾಗಿ ಹರಡುತ್ತಿದೆ. ಅದೇ ಸ್ಲೈಡಿನ ದೊಡ್ಡ ಕರುಳಿನ ಕಂಟ್ರೋಲ್ ಚೆನ್ನಾಗಿದೆ, ಹಾಗಾಗಿ ಆಂಟಿಬಾಡಿ ಕೆಟ್ಟಿಲ್ಲ. 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್, 4 ಮೈಕ್ರಾನ್ ಸೆಕ್ಷನ್, ಆಂಟಿಜನ್ ಬಯಲಿಗೆ ತರಲು ಟ್ರಿಸ್-ಇಡಿಟಿಎ ಪಿಎಚ್ 9, 97 ಡಿಗ್ರಿಯಲ್ಲಿ 20 ನಿಮಿಷ.

ಈ ಕ್ಯಾನ್ಸರ್ ಮುಖ್ಯವಾಗಿ ಹೊಟ್ಟೆನೀರಿನಲ್ಲಿ ತೇಲುತ್ತಲೇ ಹರಡುತ್ತದೆ. ಆಸರೆ ತಪ್ಪಿದ ಒಂಟಿ ಕೋಶ ಸಾಯುವ ಸಾಧ್ಯತೆ ಹೆಚ್ಚು. ಕ್ಯಾಡ್ಹೆರಿನ್ ಬೆಸೆದ ಗುಂಪು ಬದುಕುತ್ತದೆ. ಆಮೇಲೆ ಗುಂಪಿನ ಮೇಲ್ಮೈಯ ಅಣುಗಳು ಹೊಟ್ಟೆಯ ಒಳಪದರದ ಅಣುಗಳಿಗೆ, ಅಂದರೆ ಇಂಟೆಗ್ರಿನ್ ಫೈಬ್ರೊನೆಕ್ಟಿನ್‌ಗೆ, ಸಿಡಿ44 ಹಯಲುರೊನಾನ್‌ಗೆ, ಸಿಎ-125 ಮೆಸೊಥೆಲಿನ್‌ಗೆ ಅಂಟಿ ಒಮೆಂಟಮ್‌ನಲ್ಲಿ (ಕರುಳನ್ನು ಮುಚ್ಚಿರುವ ಕೊಬ್ಬಿನ ಪದರ) ಗುಂಪು ನೆಲೆಯೂರುತ್ತದೆ. ಆದ್ದರಿಂದ 'ಇ-ಕ್ಯಾಡ್ಹೆರಿನ್ ಇಲ್ಲವೆಂದರೆ ಹರಡಿದೆ' ಎಂಬ ಸರಳ ಲೆಕ್ಕ ಇಲ್ಲಿಗೆ ನೇರವಾಗಿ ಹೊಂದದು. ತಪ್ಪು ಬಣ್ಣವನ್ನು ನಂಬಿ ವರದಿ ಬರೆಯುವುದು ಅಪಾಯ.

ನಮ್ಮ ಮುಖ್ಯ ಅನುಮಾನ ಹೊಟ್ಟೆನೀರು ತುಂಬುವ ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನ ಮೇಲೆ. ಇ-ಕ್ಯಾಡ್ಹೆರಿನ್ ನಿಲ್ಲುವುದೇ ಕ್ಯಾಲ್ಸಿಯಂನಿಂದ. ಇಡಿಟಿಎ ಅದನ್ನು ಕಸಿದುಕೊಂಡರೆ ಬೆಸುಗೆ ಸಡಿಲಿ ಪ್ರೋಟೀನ್ ಒಳಗೆ ಸರಿಯುತ್ತದೆ. ಬೇಸಿಗೆಯಲ್ಲಿ ಬಸ್ಸಿನಲ್ಲಿ ಬರುವ ಮಾದರಿಗೆ ಕೊಳೆತವೂ ಸೇರುತ್ತದೆ. ಪ್ರೋಟಿಯೇಸ್‌ಗಳು (ಪ್ರೋಟೀನ್ ಕತ್ತರಿಸುವ ಕಿಣ್ವಗಳು) ಅದರ ಹೊರಭಾಗವನ್ನು ಕತ್ತರಿಸಿದ್ದರೂ ಕ್ಲೋನ್ 36 ಆಂಟಿಬಾಡಿ ಒಳಭಾಗವನ್ನೇ ಹಿಡಿಯುವುದರಿಂದ ತಿಳಿಯುವುದಿಲ್ಲ.

ಬೇಕಿರುವುದು: ಹೊರಭಾಗ ಹಿಡಿಯುವ ಎಚ್‌ಇಸಿಡಿ-1 ಆಂಟಿಬಾಡಿ ಸ್ವಲ್ಪ, ಹೋಲಿಸಲು. ಜೊತೆಗೆ, ಒಂದೇ ನೀರನ್ನು ಹೆಪಾರಿನ್ ಮತ್ತು ಇಡಿಟಿಎ ಎರಡರಲ್ಲೂ 4 ಡಿಗ್ರಿಯಲ್ಲಿಟ್ಟು ನೋಡಿದವರಿದ್ದರೆ, ಫಾರ್ಮಲಿನ್‌ಗೆ ಹಾಕಿದ್ದು ಎಷ್ಟು ಗಂಟೆಗೆ, ಬಣ್ಣ ಹೇಗೆ ಬಂತು ಎಂದು ಬರೆಯಿರಿ. ರೋಗಿಯ ಹೆಸರು, ನೋಂದಣಿ ಸಂಖ್ಯೆ ಇಲ್ಲಿ ಹಾಕಬೇಡಿ.