ಟಿಫಿನ್ ಹೋಟೆಲ್ ಮುಚ್ಚಿದ ಮೇಲೆ ತಪ್ಪು ಎಲ್ಲಾಯ್ತು ಅಂತ ಪತ್ತೆ ಹಚ್ಚೋದು ಹೇಗೆ?

ತುಂಗಾತೀರ:
ದಿನಕ್ಕೆ ಒಂಬತ್ತು ಸಾವಿರದ ಮೇಲೆ ವ್ಯಾಪಾರ ಇದ್ದ ದರ್ಶಿನಿ ಹದಿನಾಲ್ಕೇ ತಿಂಗಳಿಗೆ ಬಾಗಿಲು ಹಾಕಿದೆ. ಜನ ಬರ್ತಿದ್ರು, ರುಚಿಗೂ ಹೆಸರಿತ್ತು. ಮಾಲೀಕರು ಜಾಗ ಸರಿಯಿರಲಿಲ್ಲ ಅಂತಾರೆ, ಪಾಲುದಾರರು ಭಟ್ಟರು ಕೈಕೊಟ್ರು ಅಂತಾರೆ. ಬ್ಯಾಂಕ್ ಮತ್ತು ಯುಪಿಐ ಸ್ಟೇಟ್‌ಮೆಂಟ್, ದಿನಸಿ ಬಿಲ್ಲು ಎಲ್ಲ ಇವೆ. ಇನ್ನೊಂದು ಕಡೆ ಶುರು ಮಾಡೋ ಮುಂಚೆ ಇವುಗಳಿಂದ ನಿಜವಾದ ಕಾರಣ ಗೊತ್ತಾಗುತ್ತಾ?

ಗಲ್ಲಾಪೆಟ್ಟಿಗೆ:
ಗೊತ್ತಾಗುತ್ತೆ. ಜಾಗ, ಭಟ್ಟರು ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಕೊಡಲೇಬೇಕಾದ ಖರ್ಚು ಮೊದಲು ಬರೆಯಿರಿ. ಉದಾಹರಣೆಗೆ ಬಾಡಿಗೆ ₹40,000, ನಾಲ್ಕು ಜನರ ಸಂಬಳ ₹72,000, ಕರೆಂಟು-ನೀರು ₹12,000, ಸಾಲದ ಕಂತು ₹18,000. ಒಟ್ಟು ₹1,42,000, ದಿನಕ್ಕೆ ಸುಮಾರು ₹4,730. ತೆರಿಗೆ ಬಿಟ್ಟು, ದಿನಸಿ, ತರಕಾರಿ, ಹಾಲು, ಗ್ಯಾಸಿಗೆ ನೂರಕ್ಕೆ ಐವತ್ತು ಹೋದರೆ, ದಿನಕ್ಕೆ ₹9,460 ವ್ಯಾಪಾರಕ್ಕೆ ಅಸಲು ಮಾತ್ರ ಗಿಟ್ಟುತ್ತೆ.

ಅದರಲ್ಲಿ ₹3,000 ಡೆಲಿವರಿ ಆ್ಯಪ್‌ನಿಂದ ಬಂದಿತ್ತು ಅಂದುಕೊಳ್ಳಿ. ಕಮಿಷನ್, ಡಬ್ಬಿ ಸೇರಿ ನೂರಕ್ಕೆ ಇನ್ನೂ ಮೂವತ್ತು ಹೋದರೆ ಅಲ್ಲಿ ಉಳಿಯೋದು ₹600. ಕೌಂಟರಿನ ₹6,460ರಲ್ಲಿ ₹3,230. ಎರಡೂ ಸೇರಿ ₹3,830. ಅಷ್ಟೇ ವ್ಯಾಪಾರ, ಆದರೂ ದಿನಾ ₹900 ಕೈಬಿಡುತ್ತೆ, ತಿಂಗಳಿಗೆ ₹27,000! ಜನ ಬರ್ತಿದ್ದರೂ ಬಂಡವಾಳ ಕರಗೋದು ಹೀಗೆ. ಆ್ಯಪ್‌ನ ಪಾವತಿ ವರದಿಗಳನ್ನು ಇವತ್ತೇ ಇಳಿಸಿಕೊಳ್ಳಿ, ಖಾತೆ ಮುಚ್ಚಿದ ಮೇಲೆ ಸಿಗದೇ ಹೋಗಬಹುದು. ಗಿರಾಕಿಗೆ ಕೊಟ್ಟ ರಿಯಾಯಿತಿಯಲ್ಲಿ ಹೋಟೆಲಿನ ಪಾಲು ಎಷ್ಟು ಅನ್ನೋದನ್ನೂ ಅದರಲ್ಲಿ ಹುಡುಕಿ.

ಹಂಚುಸೌಟು:
ಮೇಲಿನ ಐವತ್ತು ಊಹೆಯ ಅಂಕಿ. ಅಡುಗೆಮನೆಯಲ್ಲಿ ಅದು ಐವತ್ತೆಂಟಾಗಿದ್ದರೂ ಯಾರ ಕಣ್ಣಿಗೂ ಬೀಳೋದಿಲ್ಲ. ದೋಸೆಗೆ 100 ಗ್ರಾಂ ಹಿಟ್ಟು ಅಂತ ದರ ಕಟ್ಟಿ, ಸೌಟಿನಲ್ಲಿ 120 ಗ್ರಾಂ ಬಿದ್ದರೆ, ಮೂರು ಕೆಜಿ ಹಿಟ್ಟಿಗೆ ಮೂವತ್ತರ ಬದಲು ಇಪ್ಪತ್ತೈದೇ ದೋಸೆ. ಹೋಟೆಲ್ ಮುಚ್ಚಿದರೂ ಸೌಟು ಇದೆಯಲ್ಲ. ತಕ್ಕಡಿ ಮೇಲೆ ಪಾತ್ರೆ ಇಟ್ಟು ಸೊನ್ನೆ ಮಾಡಿ, ಹತ್ತು ಸೌಟು ಹಿಟ್ಟು ಸುರಿದು ಹತ್ತರಿಂದ ಭಾಗಿಸಿ. ಒಂದೇ ಸೌಟು ತೂಗಿದರೆ ಕೈಯ ಹೆಚ್ಚುಕಮ್ಮಿ ತಿಳಿಯೋಲ್ಲ.

ಹಿಟ್ಟಿಗಿಂತ ದೊಡ್ಡ ತೂತು ಚಟ್ನಿ. ದಿನಕ್ಕೆ 30 ಕಾಯಿ ಒಡೆಯೋ ಕಡೆ ಕಾಯಿ ₹30ರಿಂದ ₹50ಕ್ಕೆ ಏರಿದರೆ ತಿಂಗಳಿಗೆ ₹18,000 ಹೆಚ್ಚು. ಕಾಯಿ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ದರದ ಬೋರ್ಡು ಬದಲಾದ ತಾರೀಖನ್ನು ಪಕ್ಕದಲ್ಲಿ ಬರೆಯಿರಿ. ಆ ಎರಡರ ನಡುವಿನ ನಷ್ಟಕ್ಕೆ ಭಟ್ಟರನ್ನು ದೂರಬೇಡಿ. ಐದು ರೂಪಾಯಿ ಏರಿಸಿದರೆ ಗಿರಾಕಿ ಹೋಗ್ತಾರೆ ಅನ್ನೋ ಹೆದರಿಕೆಯ ಬೆಲೆ ಅದು.

ಬೆಳಗಿನಬಿಲ್ಲು:
ಗಂಟೆವಾರು ಲೆಕ್ಕವನ್ನೂ ನೋಡಿ. ಯುಪಿಐ ವಹಿವಾಟಿನಲ್ಲಿ ಸಮಯ ಇರುತ್ತೆ. ಎಕ್ಸೆಲ್‌ಗೆ ಹಾಕಿ ಬೆಳಿಗ್ಗೆ 7–11, ಮಧ್ಯಾಹ್ನ, ಸಂಜೆ ಅಂತ ಮೂರು ಗುಂಪು ಮಾಡಿ. ಸಂಜೆಯ ವ್ಯಾಪಾರ, ನಗದೂ ಸೇರಿ, ₹1,500 ಇದ್ದರೆ ಉಳಿಯೋದು ₹750. ಆ ಹೊತ್ತಿಗೆ ಅಂತಲೇ ಇಟ್ಟ ಇಬ್ಬರ ಸಂಬಳ ದಿನಕ್ಕೆ ₹1,200. ಹೋಟೆಲ್ ಪೂರ್ತಿ ಮುಚ್ಚೋ ಬದಲು ಸಂಜೆ ಮಾತ್ರ ಮುಚ್ಚಿದ್ದರೆ ಉಳಿಯುತ್ತಿತ್ತೇನೋ.

ಜಮಾಖರ್ಚು:
ನಷ್ಟಕ್ಕೂ ಬೆಲೆ ಇದೆ, ಬಿಟ್ಟುಕೊಡಬೇಡಿ. ಆದಾಯ ತೆರಿಗೆ ರಿಟರ್ನನ್ನು ಗಡುವಿನೊಳಗೆ ಸಲ್ಲಿಸಿದರೆ ವ್ಯಾಪಾರದ ನಷ್ಟವನ್ನು 8 ವರ್ಷದವರೆಗೆ ಮುಂದಕ್ಕೆ ಒಯ್ದು ವ್ಯಾಪಾರದ ಲಾಭದಲ್ಲಿ ಕಳೆಯಬಹುದು. ಹೊಸ ವ್ಯಾಪಾರ ಹೋಟೆಲೇ ಆಗಿರಬೇಕಿಲ್ಲ. ಆದರೆ ವಹಿವಾಟಿನ ಶೇಕಡಾವಾರು ಲಾಭ ತೋರಿಸೋ ಸರಳ ಯೋಜನೆಯಲ್ಲಿ ರಿಟರ್ನ್ ಹಾಕಿದರೆ ನಷ್ಟ ತೋರಿಸೋಕೆ ಬರೋಲ್ಲ, ಲೆಕ್ಕಪುಸ್ತಕ ಬೇಕು. ಆಡಿಟರ್ ಹತ್ತಿರ ಇದನ್ನೇ ಮೊದಲು ಕೇಳಿ.

ಜಿಎಸ್‌ಟಿ ರದ್ದತಿಗೆ ಮುಚ್ಚಿದ 30 ದಿನದೊಳಗೆ ಅರ್ಜಿ ಹಾಕಿ. ಕಾಂಪೋಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಇಷ್ಟು ಶೇಕಡಾ ಅಂತ ಜಿಎಸ್‌ಟಿ ಕಟ್ಟೋ ಯೋಜನೆ) ಇಲ್ಲದಿದ್ದರೆ ರದ್ದಾದ ಮೇಲೆ ಮೂರು ತಿಂಗಳಲ್ಲಿ ಜಿಎಸ್‌ಟಿಆರ್-10 ಕೊನೆಯ ರಿಟರ್ನ್ ಕೊಡಬೇಕು. ಇದನ್ನು ಮರೆತು ದಂಡ ಕಟ್ಟೋರು ಬಹಳ.

ತುಂಗಾತೀರ:
ಉಪಕಾರ ಆಯ್ತು. ಬಾಡಿಗೆ ಕರಾರಿನಲ್ಲಿ ಮೂರು ವರ್ಷದ ಲಾಕ್-ಇನ್ (ಅಷ್ಟರೊಳಗೆ ಬಿಡೋ ಹಾಗಿಲ್ಲ ಅನ್ನೋ ಷರತ್ತು) ಇದೆ, ಅಡ್ವಾನ್ಸ್ ಸಿಗುತ್ತಾ?

ಜಮಾಖರ್ಚು:
ಲಾಕ್-ಇನ್ ಯಾರಿಗೆ ಅನ್ವಯ, ಮುಂಚೆ ಬಿಟ್ಟರೆ ಎಷ್ಟು ತಿಂಗಳ ಬಾಡಿಗೆ ಅಂತ ಬರೆದಿದೆ ನೋಡಿ. ಅದೇ ದರ್ಶಿನಿ ನಡೆಸೋರನ್ನು ಕರೆತಂದು ಒಲೆ, ಚಿಮಣಿ, ಕೌಂಟರ್ ಸಮೇತ ವಹಿಸಿಕೊಟ್ಟರೆ ಕಟ್ಟಡದ ಮಾಲೀಕರೂ ಸಾಮಾನ್ಯವಾಗಿ ಒಪ್ತಾರೆ. ಸಾಮಾನು ಗುಜರಿಗೆ ಹಾಕೋ ಮುಂಚೆ ಈ ಮಾತು ಆಡಿ.