ಸಹಾಯ ಬೇಕು: ಕಾಕಾಗೆ ಎಎಲ್‌ಎಸ್, ಕಲಬುರಗಿಯಲ್ಲಿ ಬೈಪ್ಯಾಪ್ ಬಾಡಿಗೆಗೆ ಸಿಗುತ್ತದಾ?

ಎಲ್ಲರಿಗೂ ನಮಸ್ಕಾರ. ನಾವು ಸೇಡಂ ಹತ್ತಿರದ ಹಳ್ಳಿಯವರು. ನಮ್ಮ ಕಾಕಾಗೆ ಎಎಲ್‌ಎಸ್ ಅನ್ನುವ ನರಗಳ ಕಾಯಿಲೆ ಅಂತ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹೇಳಿದ್ದಾರೆ. ಮೊದಲು ಬಲಗೈ ಸೋತಿತು, ಅಂಗಿ ಗುಂಡಿ ಹಾಕಲು ಆಗುತ್ತಿರಲಿಲ್ಲ. ಈಗ ಮಾತೂ ತೊದಲುತ್ತಿದೆ.

ಲಕ್ವ ಅಂದುಕೊಂಡು ಎಣ್ಣೆ ತಿಕ್ಕಿಸಿ ಅನ್ನುವವರೇ ಜಾಸ್ತಿ. ಇದು ಲಕ್ವ ಅಲ್ಲ. ಸ್ನಾಯುಗಳನ್ನು ನಡೆಸುವ ನರಕೋಶಗಳು ಮೆದುಳಲ್ಲಿ, ಬೆನ್ನುಹುರಿಯಲ್ಲಿ ಒಂದೊಂದಾಗಿ ಸಾಯುತ್ತವೆ. ಯಾರಿಗೂ ಅಂಟುವುದಿಲ್ಲ. ವಾಸಿ ಮಾಡುವ ಔಷಧಿ ಇಲ್ಲ, ರಿಲುಜೋಲ್ ಮಾತ್ರೆ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ ಅಷ್ಟೆ. ಕಾಕಾನ ಬುದ್ಧಿ, ನೆನಪು ಚೆನ್ನಾಗಿವೆ. ತೊಗರಿ ರೇಟು ದಿನಾ ಕೇಳುತ್ತಾರೆ. ನೋಡಲು ಬಂದವರು ದಯವಿಟ್ಟು ಅವರ ಜೊತೆಗೇ ಮಾತಾಡಿ.

ಊಟದ್ದೇ ದೊಡ್ಡ ಚಿಂತೆ. ನೀರು, ಮಜ್ಜಿಗೆ ಕುಡಿದರೆ ನೆತ್ತಿಗೇರಿ ಕೆಮ್ಮು ಬರುತ್ತದೆ. ಮಂದ ಅಂಬಲಿ ಸಲೀಸಾಗಿ ಇಳಿಯುತ್ತದೆ. ರೊಟ್ಟಿ ಬಿಟ್ಟಾಯಿತು. ತೂಕ ಇಳಿಯುತ್ತಿದೆ. ಹೊಟ್ಟೆಗೆ ನಳಿಕೆ ಹಾಕಿಸಿ, ಉಸಿರಾಟ ತೀರಾ ಕುಗ್ಗುವ ಮೊದಲೇ ಹಾಕಿಸಿದರೆ ಒಳ್ಳೇದು ಅಂತ ಡಾಕ್ಟರ್ ಹೇಳಿದ್ದಾರೆ. ಕಾಕಾ ಒಪ್ಪುತ್ತಿಲ್ಲ. ಹಾಕಿಸಿಕೊಂಡವರ ಮನೆಯವರು ಇಲ್ಲಿದ್ದರೆ ಕಾಕಾ ಜೊತೆ ಫೋನಲ್ಲಿ ಮಾತಾಡುತ್ತೀರಾ?

ರಾತ್ರಿ ಉಸಿರಾಟಕ್ಕೆ ಬೈಪ್ಯಾಪ್ ಮಷೀನ್ (ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಾಡಲು ನೆರವಾಗುವುದು) ಬೇಕು. ಕಲಬುರಗಿಯಲ್ಲಿ ಬಾಡಿಗೆಗೆ ಎಲ್ಲಿ ಸಿಗುತ್ತದೆ? ನಮ್ಮಲ್ಲಿ ಕರೆಂಟ್ ಹೋಗುತ್ತಿರುತ್ತದೆ, ಅದಕ್ಕೆ ಎಂಥ ಇನ್ವರ್ಟರ್ ಸಾಕು? ಸೇಡಂ ಕಡೆ ಮನೆಗೆ ಬರುವ ಫಿಸಿಯೋ ಇದ್ದರೂ ತಿಳಿಸಿ. ಈ ಕಾಯಿಲೆ ಗೊತ್ತಿರುವವರೇ ಬೇಕು, ದಣಿಯುವಷ್ಟು ವ್ಯಾಯಾಮ ಮಾಡಿಸಬಾರದು ಅಲ್ವಾ.

ಕಣ್ಣಲ್ಲೇ ತೋರಿಸಿ ಮಾತಾಡುವ ಕನ್ನಡ ಅಕ್ಷರದ ಬೋರ್ಡ್ ಯಾರಾದರೂ ಮಾಡಿದ್ದರೆ ಫೋಟೋ ಹಾಕಿ. ಮಾತು ನಿಲ್ಲುವ ಮೊದಲೇ ಅವರಿಗೆ ರೂಢಿ ಮಾಡಿಸಬೇಕು.