ಸರಾಸರಿ ಲೆಕ್ಕ ಬರುತ್ತದೆ, ಸರಾಸರಿ ಅಂದ್ರೇನು ಅಂತ ಗೊತ್ತಿಲ್ಲ!

ಬದಿಯಡ್ಕದ ಟೀಚರ್:
ಕೇರಳದ ಕಾಸರಗೋಡು ಕಡೆ, ಕನ್ನಡ ಮಾಧ್ಯಮದ ಒಂಬತ್ತನೇ ಕ್ಲಾಸಿಗೆ ಗಣಿತ ಕಲಿಸುತ್ತೇನೆ. ಐದು ಸಂಖ್ಯೆ ಕೊಟ್ಟರೆ ಮಕ್ಕಳು ಕೂಡಿಸಿ, ಭಾಗಿಸಿ, ಚಕಚಕ ಉತ್ತರ ಬರೆಯುತ್ತಾರೆ. ಮೊನ್ನೆ ತಿರುಗಿಸಿ ಕೇಳಿದೆ, ಸರಾಸರಿ 8 ಬರುವ ಹಾಗೆ ಐದು ಸಂಖ್ಯೆ ನೀವೇ ಬರೆಯಿರಿ ಅಂತ. ಕ್ಲಾಸಿಡೀ ಮೌನ. ಒಬ್ಬಳು 8, 8, 8, 8, 8 ಅಂತ ಬರೆದಳು. ಪಕ್ಕದವರು ನಕ್ಕರು, ಪಾಪ ಅಳಿಸಿಬಿಟ್ಟಳು. ಸರಿಯುತ್ತರವನ್ನೇ ಅಳಿಸಿದ್ದು! ಇದನ್ನು ಎಲ್ಲಿಂದ ಸರಿ ಮಾಡಲಿ?

ಕುಂಬಳೆ ಮಾಷ್ಟ್ರು:
ಟೀಚರೇ, ಗಣಿತ ಕಲಿಕೆಯ ಬಗ್ಗೆ ಅಧ್ಯಯನ ಮಾಡಿದ ರಿಚರ್ಡ್ ಸ್ಕೆಂಪ್ 1976ರಲ್ಲೇ ಇದನ್ನು ಬರೆದಿದ್ದಾರೆ, ಸೂತ್ರ ಹಾಕಲು ಬರುವುದು ಬೇರೆ, ಯಾಕೆ ಅಂತ ಗೊತ್ತಿರುವುದು ಬೇರೆ. ಭಾಗಾಕಾರ ಸ್ವಲ್ಪ ದಿನ ಬದಿಗಿಡಿ. ಹುಣಸೆ ಬೀಜ ತನ್ನಿ, 4, 9, 12, 15ರ ನಾಲ್ಕು ಗುಂಪು ಮಾಡಿಸಿ, ದೊಡ್ಡದರಿಂದ ತೆಗೆದು ಸಣ್ಣದಕ್ಕೆ ಹಾಕುತ್ತಾ ಎಲ್ಲವನ್ನೂ ಸಮ ಮಾಡಲಿ. ಹತ್ತು ಹತ್ತು ಬಂದ ಮೇಲೆ ಸೂತ್ರ ಹೇಳಿ.

ಮಧ್ಯಾಂಕಕ್ಕೆ, ಅಂದ್ರೆ ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆಗೆ, ಏಳು ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ. ಎಲ್ಲರಿಗಿಂತ ಎತ್ತರದವನನ್ನು ಕೂರಿಸಿ, ಆ ಜಾಗದಲ್ಲಿ ನಾನು ನಿಲ್ಲುತ್ತೇನೆ (ನಾನು ಆರಡಿ, ಅದೊಂದೇ ಉಪಯೋಗ). ಸರಾಸರಿ ಏರುತ್ತದೆ, ನಡುವಿನ ಹುಡುಗಿ ಅಲ್ಲೇ ಇರುತ್ತಾಳೆ.

ಉಪ್ಪಳದ ಅಮ್ಮ:
ನನ್ನ ಮಗನಿಗೆ ಹೆಸರುಗಳದ್ದೇ ಗೊಂದಲ. ಟ್ಯೂಷನ್ ಮಲಯಾಳದಲ್ಲಿ, ಅಲ್ಲಿ ಸರಾಸರಿಗೆ ಮಾಧ್ಯಂ, ಮಧ್ಯಾಂಕಕ್ಕೆ ಮಧ್ಯಮಂ. ಎರಡೂ ಒಂದೇ ಥರ ಕೇಳಿಸುತ್ತೆ, ಅಲ್ವಾ? ಪ್ಲಸ್ ವನ್‌ಗೆ (ಹನ್ನೊಂದನೇ ಕ್ಲಾಸಿಗೆ) ಹೋದರೆ ಮತ್ತೆ ಇಂಗ್ಲಿಷ್. ನಮ್ಮ ಮಳೆಯದ್ದನ್ನೂ ಹೇಳಿ ಟೀಚರ್. ವರ್ಷದ ಮಳೆಯನ್ನು ಹನ್ನೆರಡರಿಂದ ಭಾಗಿಸಿದರೆ ಬರುವ ಸಂಖ್ಯೆ ಜುಲೈಗೂ ಆಗಲ್ಲ, ಜನವರಿಗೂ ಆಗಲ್ಲ. ಆ ಸರಾಸರಿ ನೋಡಿ ಕೊಡೆ ಹಿಡಿಯಬೇಕೋ ಬೇಡವೋ ಅಂತ ಕೇಳಿ, ಮಕ್ಕಳೇ ನಗುತ್ತಾರೆ.

ಬದಿಯಡ್ಕದ ಟೀಚರ್:
ಹುಣಸೆ ಬೀಜ ಮಾಡಿಸಿದೆ ಮಾಷ್ಟ್ರೇ. ನಾಲ್ಕು ಗುಂಪು ಸಮ ಆಯಿತು. ಆಮೇಲೆ ಸುಮ್ನೆ ಒಂದು ಖಾಲಿ ತಟ್ಟೆ ಪಕ್ಕಕ್ಕಿಟ್ಟು, ಈಗ ಐದು ಗುಂಪು ಅಂದೆ. ಅದರಲ್ಲಿ ಏನೂ ಇಲ್ಲ, ಲೆಕ್ಕಕ್ಕಿಲ್ಲ ಅಂತ ಅರ್ಧ ಕ್ಲಾಸು. ತಟ್ಟೆ ಇದೆ, ಅದಕ್ಕೂ ಪಾಲು ಬೇಕು ಅಂತ ಉಳಿದವರು. ಗಲಾಟೆ ನಡೆಯುತ್ತಿರುವಾಗ ಅವತ್ತು ಎಂಟೆಂಟು ಬರೆದು ಅಳಿಸಿದ ಹುಡುಗಿ ಎದ್ದು ಬಂದು, ಒಂದೊಂದು ಗುಂಪಿನಿಂದ ಎರಡೆರಡು ಬೀಜ ತೆಗೆದು ಖಾಲಿ ತಟ್ಟೆಗೆ ಹಾಕಿದಳು. ಎಂಟು, ಎಂಟು, ಎಂಟು, ಎಂಟು, ಎಂಟು. ಈ ಸಲ ಯಾರೂ ನಗಲಿಲ್ಲ.